ಕ್ಯೂ ನಡುವೆ ನುಗ್ಗುವವರಿಗೆ ಹೇಳುವುದು ಯಾರು, ಹೇಗೆ?

ಪೆರ್ನಾಳ್ ಕಳೆದ ಮರುದಿನ ಬೇಕಲ ಕೋಟೆಗೆ ಹೋದವರಿಗೆ ಈ ದೃಶ್ಯ ಹೊಸತಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕುಟುಂಬಗಳು, ಮಂಗಳೂರಿನಿಂದ ಬೈಕಲ್ಲಿ ಬಂದ ಹುಡುಗರು, ಊರಿಗೆ ರಜೆಯಲ್ಲಿ ಬಂದ ಗಲ್ಫ್‌ನವರು, ಎಲ್ಲರೂ ಟಿಕೆಟ್ ಕೌಂಟರ್ ಎದುರು ಸಾಲು ನಿಂತಿದ್ದಾರೆ. ಬಿಸಿಲು ಏರುತ್ತಿದೆ, ಮಕ್ಕಳು ಐಸ್‌ಕ್ರೀಂ ಬೇಕೆಂದು ಹಟ ಹಿಡಿದಿವೆ. ಆಗ ಒಬ್ಬ ಫೋನ್ ಕಿವಿಗಿಟ್ಟುಕೊಂಡು, ಯಾರನ್ನೋ ಹುಡುಕುವವನ ಹಾಗೆ ಬಂದು ಮುಂದಿನಿಂದ ನಾಲ್ಕನೆಯವರ ಪಕ್ಕದಲ್ಲಿ ನಿಲ್ಲುತ್ತಾನೆ. ಎರಡು ನಿಮಿಷ ಕಳೆಯುವಾಗ ಅವನು ಸಾಲಿನ ಪಕ್ಕದಲ್ಲಿ ಇಲ್ಲ, ಸಾಲಿನ ಒಳಗೇ ಇದ್ದಾನೆ! ಹಿಂದಿನವರೆಲ್ಲ ನೋಡಿದ್ದಾರೆ, ಯಾರೂ ಮಾತಾಡಿಲ್ಲ. ಇಲ್ಲವೇ ತುಂಬಾ ಹೊತ್ತು ತಡೆದುಕೊಂಡ ಒಬ್ಬರು ಕೊನೆಗೆ ಬೊಬ್ಬೆ ಹಾಕುತ್ತಾರೆ, ಅಲ್ಲಿಗೆ ಜಗಳ ಶುರು.

ಸುಮ್ಮನಿರುವುದು ಅಥವಾ ಜಗಳಕ್ಕೆ ಇಳಿಯುವುದು. ಹೆಚ್ಚಿನವರಿಗೆ ಗೊತ್ತಿರುವುದು ಈ ಎರಡೇ ದಾರಿ. ನಡುವೆ ಇನ್ನೊಂದು ದಾರಿ ಉಂಟು. ಆದರೆ ಅದನ್ನು ಹಿಡಿಯಬೇಕಾದರೆ ಜನ ಯಾಕೆ ಸುಮ್ಮನಿರುತ್ತಾರೆ ಎನ್ನುವುದು ಮೊದಲು ಅರ್ಥವಾಗಬೇಕು.

ಲೆಕ್ಕ ಸರಳ. ಒಬ್ಬ ನುಗ್ಗಿದರೆ ಹಿಂದೆ ನಿಂತವರಿಗೆ ತಲಾ ಒಂದು ನಿಮಿಷ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಿಂದೆ 40 ಮಂದಿ ಇದ್ದರೆ ಒಟ್ಟು ಹೋದದ್ದು 40 ನಿಮಿಷ. ಆದರೆ ಆ 40 ನಿಮಿಷ ಯಾವ ಒಬ್ಬರ ಕೈಯಿಂದಲೂ ಹೋಗುವುದಿಲ್ಲ, ಚೂರುಚೂರಾಗಿ ಹೋಗುತ್ತದೆ. ಬಾಯಿ ತೆರೆದವನಿಗೆ ಮಾತ್ರ ಪೂರ್ತಿ ಖರ್ಚು: ಬೈಗುಳ, ಮುಜುಗರ, ಹೆಂಡತಿ ಮಕ್ಕಳೆದುರು ರಂಪ. ಒಂದು ನಿಮಿಷಕ್ಕಾಗಿ ಇಷ್ಟೆಲ್ಲ ಯಾಕೆ ಮಾರಾಯ ಎಂದು ಪ್ರತಿಯೊಬ್ಬರೂ ಯೋಚಿಸುತ್ತಾರೆ. ನುಗ್ಗುವವನು ಬದುಕುವುದೇ ಈ ಯೋಚನೆಯ ಮೇಲೆ.

ಇದನ್ನು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಮತ್ತು ಅವರ ವಿದ್ಯಾರ್ಥಿಗಳು ನಿಜವಾದ ಸಾಲುಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ನ್ಯೂಯಾರ್ಕ್ ನಗರದ ರೈಲು ಟಿಕೆಟ್ ಕೌಂಟರ್, ಬಾಜಿ ಕಟ್ಟುವ ಕೌಂಟರ್ ಮುಂತಾದ ಕಡೆ 129 ಸಾಲುಗಳಿಗೆ ಬೇಕೆಂದೇ ನುಗ್ಗಿದರು. ವಿದ್ಯಾರ್ಥಿ ಬಂದು ಮೂರನೆಯವರ ಮತ್ತು ನಾಲ್ಕನೆಯವರ ನಡುವೆ, 'ಕ್ಷಮಿಸಿ, ನನಗೆ ಇಲ್ಲಿ ನಿಲ್ಲಬೇಕು' ಎಂದಷ್ಟೇ ಹೇಳಿ ನಿಲ್ಲುವುದು. ಯಾರಾದರೂ ಆಕ್ಷೇಪಿಸಿದರೆ ಹೊರಡುವುದು, ಇಲ್ಲದಿದ್ದರೆ ಒಂದು ನಿಮಿಷ ನಿಂತು ಹೋಗುವುದು. ಫಲಿತಾಂಶ 1986ರಲ್ಲಿ ಪ್ರಕಟವಾಯಿತು.

ಒಬ್ಬ ನುಗ್ಗಿದಾಗ ಆಕ್ಷೇಪ ಬಂದದ್ದು ಸುಮಾರು ಅರ್ಧದಷ್ಟು ಸಾಲುಗಳಲ್ಲಿ, 54 ಶೇಕಡಾ. ಇಬ್ಬರು ಒಟ್ಟಿಗೆ ನುಗ್ಗಿದಾಗ ಅದು 91 ಶೇಕಡಾಕ್ಕೆ ಏರಿತು. ಮೈ ಮುಟ್ಟುವ, ಎಳೆಯುವ ಅಥವಾ ತಳ್ಳುವ ಹಂತಕ್ಕೆ ಹೋದದ್ದು ಹತ್ತರಲ್ಲಿ ಒಂದು ಸಾಲಿನಲ್ಲಿ ಮಾತ್ರ. ಆಕ್ಷೇಪಿಸಿದವರಲ್ಲಿ ಹೆಚ್ಚಿನವರು ನುಗ್ಗಿದವನ ಹಿಂದೆ ಇದ್ದವರು, ಅದರಲ್ಲೂ ತೀರಾ ಹಿಂದೆಯೇ ಇದ್ದವರು.

ಎಲ್ಲಕ್ಕಿಂತ ಮುಖ್ಯವಾದ ಭಾಗ ಇನ್ನೊಂದು. ಕೆಲವು ಸಾಲುಗಳಲ್ಲಿ ನುಗ್ಗುವವನ ಸ್ನೇಹಿತರೇ ಇಬ್ಬರು ಮೊದಲೇ ಸಾಮಾನ್ಯರಂತೆ ಸಾಲಿನಲ್ಲಿ ನಿಂತಿದ್ದರು. ನುಗ್ಗುವವನು ಬಂದು ಸರಿಯಾಗಿ ಅವರ ಮುಂದೆಯೇ ನಿಂತ, ಅವರು ಏನೂ ಹೇಳಲಿಲ್ಲ. ಅವರ ಹಿಂದೆ ಇದ್ದ ನಿಜವಾದ ಜನರು? ಅವರೂ ಹೇಳಲಿಲ್ಲ. ಅಲ್ಲಿ ಆಕ್ಷೇಪ ಬಂದದ್ದು ಬರೀ 5 ಶೇಕಡಾ ಸಾಲುಗಳಲ್ಲಿ. ಸಮಯ ಕಳೆದುಕೊಂಡವರ ನಷ್ಟ ಎರಡೂ ಕಡೆ ಒಂದೇ. ಆದರೆ ಪಕ್ಕದವನೇ ಸುಮ್ಮನಿರುವಾಗ ನನಗೆಂತ ಎಂಬ ಭಾವನೆ ಸಾಲಿನ ಉದ್ದಕ್ಕೂ ಹರಡಿತು. ಅವರ ಪರಿಚಯದವನಿರಬಹುದು ಎಂದೂ ಕೆಲವರು ಅಂದುಕೊಂಡಿರಬಹುದು.

ಅಂದರೆ ನುಗ್ಗಿದವನ ಬೆನ್ನ ಹಿಂದೆಯೇ ಇರುವ ವ್ಯಕ್ತಿ ಇಡೀ ಸಾಲಿನ ಬಾಯಿ. ಆತ ಹೇಳಿದರೆ ಉಳಿದವರು ಹೇಳುತ್ತಾರೆ, ಆತ ತಲೆ ತಗ್ಗಿಸಿದರೆ ಎಲ್ಲರೂ ತಗ್ಗಿಸುತ್ತಾರೆ. ಆ ಜಾಗದಲ್ಲಿ ಹದಿನೆಂಟರ ಹುಡುಗಿಯೋ ವಯಸ್ಸಾದ ಉಮ್ಮನೋ ಇದ್ದರೆ ಅವರ ಹಿಂದಿನವರು ಕಾಯುತ್ತಾ ನಿಲ್ಲಬಾರದು. 'ನಿಮ್ಮವರಾ ಇವರು?' ಎಂದು ಆಕೆಯನ್ನು ಕೇಳಿದರೆ ಸಾಕು. ಅಲ್ಲ ಎಂಬ ಉತ್ತರ ನುಗ್ಗಿದವನಿಗೂ ಕೇಳುತ್ತದೆ, ಹಿಂದಿನ ಹತ್ತು ಮಂದಿಗೂ ಕೇಳುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹೇಳುವ ಹೊತ್ತೂ ಮುಖ್ಯ. ನುಗ್ಗಿದವನು ಇನ್ನೂ ಪಕ್ಕದಲ್ಲಿ ನಿಂತು ಒಳಗೆ ಕಾಲಿಡುವ ಮೊದಲೇ ಹೇಳಿದರೆ ಅವನಿಗೆ ಗೌರವದಿಂದ ಹಿಂದೆ ಹೋಗಲು ಅವಕಾಶ ಇರುತ್ತದೆ. ಹತ್ತು ನಿಮಿಷ ಹಲ್ಲು ಕಚ್ಚಿಕೊಂಡು ಆಮೇಲೆ ಹೇಳಿದರೆ ಮಾತು ತಾನಾಗಿಯೇ ಜೋರಾಗುತ್ತದೆ. ಅಷ್ಟರಲ್ಲಿ ಅವನಿಗೂ ಆ ಜಾಗ ತನ್ನದೇ ಎನಿಸಿರುತ್ತದೆ. ಇನ್ನು ಮಾತು ಹೇಗಿರಬೇಕು? ಅವನಿಗೆ ಗೊತ್ತಾಗಲಿಲ್ಲ ಎಂಬಂತೆ ಇರಬೇಕು. 'ಇವರೇ, ಕ್ಯೂ ಅಲ್ಲಿ ಹಿಂದಿನಿಂದ ಉಂಟು.' ಗಡಿಯಾಚೆ ಈಚೆ ಓಡಾಡುವವರಿಗೆ ಭಾಷೆ ಬದಲಿಸುವುದು ಕಷ್ಟವಲ್ಲ: 'ಚೇಟ್ಟಾ, ಕ್ಯೂ ಅವಿಡೆಯಾಣ್.' ಇಷ್ಟು ಹೇಳಿ ಕೈಯಿಂದ ಸಾಲಿನ ಕೊನೆ ತೋರಿಸುವುದು. ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ, ಸಾಲು ಕಂಬದ ಹಿಂದೆ ತಿರುಗಿಕೊಂಡಿರುತ್ತದೆ. ಗೊತ್ತಿದ್ದೇ ಬಂದವನಿಗೂ 'ಓ, ಹೌದಾ' ಎಂದು ಹೊರಡಲು ಒಂದು ಬಾಗಿಲು ಬೇಕು. 'ಮರ್ಯಾದೆ ಇಲ್ವಾ ನಿನಗೆ' ಎಂದು ಶುರು ಮಾಡಿದರೆ ಆ ಬಾಗಿಲು ಮುಚ್ಚಿತು. ಆಮೇಲೆ ಅವನು ಹೋರಾಡುವುದು ಟಿಕೆಟಿಗಾಗಿ ಅಲ್ಲ, ಮರ್ಯಾದೆಗಾಗಿ.

ಮಾತಾಡುವ ಮೊದಲು ನುಗ್ಗಿದಂತೆ ಕಾಣುವವನು ನಿಜವಾಗಿ ನುಗ್ಗಿದ್ದಾನಾ ಎಂಬುದನ್ನೂ ನೋಡಿಕೊಳ್ಳಬೇಕು. ಕೊಚ್ಚಿಯ ವಂಡರ್‌ಲಾಕ್ಕೆ, ಅಂದರೆ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಲ್ಲಿ ತೆರೆದ ಪಾರ್ಕ್‌ಗೆ, ಹೋದವರು ಫಾಸ್ಟ್ ಟ್ರ್ಯಾಕ್ ಟಿಕೆಟ್‌ನವರನ್ನು ನೋಡಿರುತ್ತಾರೆ. ಅವರು ಹೆಚ್ಚು ಹಣ ಕೊಟ್ಟು ಬೇರೆ ದಾರಿಯಲ್ಲಿ ಬಂದವರು. ಅದು ಸರಿಯೇ ಎಂಬ ಪ್ರಶ್ನೆ ಖಂಡಿತ ಕೇಳಬಹುದು, ಮೂರು ಮಕ್ಕಳ ಕೈ ಹಿಡಿದು ಮುಕ್ಕಾಲು ಗಂಟೆ ನಿಂತ ತಂದೆಗೆ ಅದು ಸರಿ ಎನಿಸಲಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದ್ದು ಪಾರ್ಕ್‌ನವರಲ್ಲಿ, ಟಿಕೆಟ್ ಹಿಡಿದ ಹುಡುಗನಲ್ಲಿ ಅಲ್ಲ. ಗಾಲಿಕುರ್ಚಿಯಲ್ಲಿ ಬಂದವರ ವಿಷಯವೂ ಹಾಗೆಯೇ. ಎಲ್ಲ ಅಂಗವೈಕಲ್ಯ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಮರೆಯಬಾರದು. ಈ ಸೌಲಭ್ಯದ ದುರುಪಯೋಗ ಆಗುವುದಿಲ್ಲ ಎಂದಲ್ಲ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಕೆಲವು ಶ್ರೀಮಂತರು ಅಂಗವಿಕಲರನ್ನು ಬಾಡಿಗೆಗೆ ಗೈಡ್ ಆಗಿ ಕರೆದುಕೊಂಡು ಹೋಗಿ ಸಾಲು ತಪ್ಪಿಸುತ್ತಾರೆಂದು 2013ರಲ್ಲಿ ಪತ್ರಿಕೆಯೊಂದು ವರದಿ ಮಾಡಿತ್ತು. ಅದೇ ವರ್ಷ ಡಿಸ್ನಿ ಹಳೆಯ ಕಾರ್ಡ್ ಪದ್ಧತಿ ನಿಲ್ಲಿಸಿ, ಮರಳಿ ಬರುವ ಸಮಯ ಕೊಡುವ ಹೊಸ ಪದ್ಧತಿ ತಂದಿತು.

ನಮ್ಮ ಕಡೆ ಹೆಚ್ಚು ತಕರಾರು ಬರುವುದು 'ಜಾಗ ಹಿಡಿಯುವ' ವಿಷಯದಲ್ಲಿ. ಒಬ್ಬ ಹುಡುಗ ಸಾಲಿನಲ್ಲಿ, ಉಳಿದ ಒಂಬತ್ತು ಮಂದಿ ಜ್ಯೂಸ್ ಅಂಗಡಿಯಲ್ಲಿ. ಸರದಿ ಹತ್ತಿರ ಬಂದಾಗ ಒಂಬತ್ತೂ ಮಂದಿ ನುಗ್ಗಿ ಬರುತ್ತಾರೆ, 'ನಾವು ಇವನ ಜೊತೆಯವರು' ಎಂಬ ಉತ್ತರ ತಯಾರಿರುತ್ತದೆ. ಇಲ್ಲಿ ಯಾವ ಸಾಲು ಎಂಬುದರ ಮೇಲೆ ಸರಿ ತಪ್ಪು ನಿಂತಿದೆ. ಬೇಕಲದ ಟಿಕೆಟ್ ಕೌಂಟರಿನಲ್ಲಿ ಒಬ್ಬನೇ ನಿಂತು ಹತ್ತು ಟಿಕೆಟ್ ತೆಗೆದರೆ ಹಿಂದಿನವರಿಗೆ ಲಾಭವೇ. ಹತ್ತು ಮಂದಿ ಬೇರೆ ಬೇರೆ ನಿಂತರೆ ಆಗುವ ಸಮಯ ಅದಕ್ಕಿಂತ ಹೆಚ್ಚು. (ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ಟಿಕೆಟ್ ಆನ್‌ಲೈನಿನಲ್ಲೂ ಸಿಗುತ್ತದೆ. ಇದು ಗೊತ್ತಿಲ್ಲದೆ ಇಡೀ ಕುಟುಂಬವೇ ಬಿಸಿಲಲ್ಲಿ ನಿಲ್ಲುವುದುಂಟು.) ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನ ಸಾಲಿನಲ್ಲೋ ಪಾರ್ಕಿನ ರೈಡ್‌ನ ಸಾಲಿನಲ್ಲೋ ಪ್ರತಿಯೊಬ್ಬನಿಗೂ ಒಂದೊಂದು ಸೀಟು ಬೇಕು. ಅಲ್ಲಿ ಒಬ್ಬ ಹತ್ತು ಜಾಗ ಹಿಡಿದರೆ ಹಿಂದಿನ ಒಂಬತ್ತು ಮಂದಿಯ ಬೋಟು ತಪ್ಪಿತು ಎಂದೇ ಅರ್ಥ. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳ ನಿಯಮದಲ್ಲಿ ನುಗ್ಗುವುದರ ಜೊತೆಗೆ ಜಾಗ ಹಿಡಿಯುವುದನ್ನೂ ಸೇರಿಸಿದ್ದಾರೆ. ಸಿಕ್ಕಿಬಿದ್ದರೆ ಹಣ ವಾಪಸ್ ಇಲ್ಲದೆ ಹೊರಗೆ ಕಳಿಸಬಹುದು.

ಮಹಿಳೆಯರ ಸಾಲಿಗೂ ಒಂದು ಮಾತು. ಮನೆಯ ಹೆಂಗಸಿನ ಕೈಗೆ ದುಡ್ಡು ಕೊಟ್ಟು ಆ ಚಿಕ್ಕ ಸಾಲಿಗೆ ಕಳಿಸುವುದು ಜಾಣತನ ಎಂದು ಗಂಡಸರು ತಿಳಿದಿದ್ದಾರೆ. ತನ್ನ ಮನೆಯವರಿಗೆ ತೆಗೆದರೆ ಯಾರೂ ಕೇಳುವುದಿಲ್ಲ. ಪರಿಚಯದ ನಾಲ್ಕು ಮನೆಯ ಗಂಡಸರ ಟಿಕೆಟನ್ನೂ ಅವಳೇ ತೆಗೆಯುವಾಗ, ಒಬ್ಬಳೇ ಮಗು ಎತ್ತಿಕೊಂಡು ಬಂದ ಹೆಂಗಸು ಹಿಂದೆ ಕಾಯುತ್ತಿರುತ್ತಾಳೆ. ಆ ಸಾಲು ಇರುವುದೇ ಅವಳಿಗಾಗಿ.

ನಿಜವಾದ ತುರ್ತು ಇದ್ದವನು ಏನು ಮಾಡಬೇಕು? ಕೇಳಬೇಕು, ಅಷ್ಟೇ. ಎಲೆನ್ ಲ್ಯಾಂಗರ್ ಎಂಬ ಮನೋವಿಜ್ಞಾನಿ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜೆರಾಕ್ಸ್ ಯಂತ್ರದ ಎದುರು ನಡೆದದ್ದು. 'ಐದು ಪುಟ ಉಂಟು, ಮೊದಲು ಮಾಡಿಕೊಳ್ಳಲಾ?' ಎಂದು ಬರಿದೇ ಕೇಳಿದಾಗ 60 ಶೇಕಡಾ ಮಂದಿ ಬಿಟ್ಟರು. 'ಅರ್ಜೆಂಟ್ ಉಂಟು' ಎಂದು ಕಾರಣ ಸೇರಿಸಿದಾಗ 94 ಶೇಕಡಾ ಬಿಟ್ಟರು. 20 ಪುಟ ಎಂದಾಗ ಮಾತ್ರ ಜನ ಗಟ್ಟಿಯಾದರು. ಅರ್ಜೆಂಟ್ ಎಂದರೂ ಬಿಟ್ಟವರು 42 ಶೇಕಡಾ. ಸಣ್ಣದನ್ನು ಕೇಳಿದರೆ ಜನ ಕೊಡುತ್ತಾರೆ. ಹಣ ಕೊಟ್ಟು ಸಾಲಿನಲ್ಲಿ ಮುಂದೆ ಹೋಗಲು ಕೇಳಿದ ಇನ್ನೊಂದು ಪ್ರಯೋಗದಲ್ಲಿ ಹೆಚ್ಚಿನವರು ಜಾಗ ಬಿಟ್ಟುಕೊಟ್ಟು ಹಣ ಮಾತ್ರ ಬೇಡ ಎಂದಿದ್ದರು. ಕೇಳದೆ ನುಗ್ಗುವವನು ಹೀಗೆ ಸಿಗಬಹುದಾಗಿದ್ದ ಒಪ್ಪಿಗೆಯನ್ನು ತಾನೇ ಕಳೆದುಕೊಳ್ಳುತ್ತಾನೆ.

ದುಬೈಯಲ್ಲಿ ಶಿಸ್ತಾಗಿ ನಿಲ್ಲುವವರೇ ಊರಿಗೆ ಬಂದ ಕೂಡಲೇ ನುಗ್ಗುತ್ತಾರೆ ಎಂಬ ಮಾತು ಗಲ್ಫ್‌ನವರ ಮನೆಗಳಲ್ಲಿ ಆಗಾಗ ಕೇಳುತ್ತದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ತಪ್ಪೆಲ್ಲ ಮನುಷ್ಯನದೂ ಅಲ್ಲ. ಬುರ್ಜ್ ಖಲೀಫಾದ ಮೇಲೆ ಹೋಗುವ ಟಿಕೆಟಿನಲ್ಲಿ ಸಮಯ ಮೊದಲೇ ಬರೆದಿರುತ್ತದೆ, ಒಬ್ಬರೇ ಹೋಗುವಷ್ಟು ಅಗಲದ ಕಟಕಟೆ ಇರುತ್ತದೆ, ನುಗ್ಗಬೇಕೆಂದರೂ ಜಾಗ ಇಲ್ಲ. ನಮ್ಮಲ್ಲಿ ಎರಡು ಕೌಂಟರಿಗೆ ಎರಡು ಸಾಲು, ನಡುವೆ ಮೂರನೆಯದೊಂದು ಗುಂಪು. ಪಕ್ಕದ ಸಾಲು ಬೇಗ ಹೋದರೆ ತಡವಾಗಿ ಬಂದವನು ಮೊದಲು ಒಳಗೆ. ಎಲ್ಲ ಕೌಂಟರಿಗೂ ಹಾವಿನಂತೆ ಸುತ್ತುವ ಒಂದೇ ಸಾಲು ಮಾಡಿದರೆ ಈ ಅನ್ಯಾಯ ಇಲ್ಲವಾಗುತ್ತದೆ. ಒಂದು ಹಗ್ಗ, ನಾಲ್ಕು ಕಂಬ ಸಾಕು. ಊರಿನ ಸಂಘಟನೆಗಳು ಕಾರ್ಯಕ್ರಮ ಮಾಡುವಾಗ ಊಟದ ಕೌಂಟರಿನಲ್ಲಿ ಇದನ್ನು ಮಾಡಿ ನೋಡಬಹುದು.

ಹೇಳಿಯೂ ಅವನು ಕೇಳದಿದ್ದರೆ? ಸೆಕ್ಯುರಿಟಿಯವರಿಗೋ ಕೌಂಟರಿನವರಿಗೋ ಹೇಳುವುದು. 'ಇವರ ಸರದಿ ನಮ್ಮ ಹಿಂದೆ' ಎಂದು ಮೂರು ನಾಲ್ಕು ಮಂದಿ ಒಟ್ಟಿಗೆ ಹೇಳಿದರೆ ಕೌಂಟರಿನವರು ಟಿಕೆಟ್ ಕೊಡಲು ಹಿಂಜರಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡುವುದೇ ಲೇಸು. ಹೋಗುವುದು ಒಂದು ನಿಮಿಷ. ಕೈ ಎತ್ತಿದರೆ ಹೋಗುವುದು ಅದಕ್ಕಿಂತ ತುಂಬಾ ಹೆಚ್ಚು, ಮುಖ್ಯವಾಗಿ ಹೊರದೇಶದ ಕೆಲಸ ಎದುರು ನೋಡುವ ಹುಡುಗರಿಗೆ. ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 194ನೇ ಸೆಕ್ಷನ್ ಪ್ರಕಾರ ಅಪರಾಧ, ಒಂದು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲು ನುಗ್ಗಿದ್ದು ಯಾರು ಎಂದು ಆ ಸೆಕ್ಷನ್ ಕೇಳುವುದಿಲ್ಲ, ಹೊಡೆದಾಡಿದವರೆಲ್ಲ ಅದರಲ್ಲಿ ಬರುತ್ತಾರೆ. ಗಾಯವಾದರೆ ಬೇರೆ ಸೆಕ್ಷನ್‌ಗಳೂ ಸೇರುತ್ತವೆ. ಶಿಕ್ಷೆ ಸಣ್ಣದು ಎನಿಸಬಹುದು. ಆದರೆ ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶ ಇದೆ, ಆಗ ಕೋರ್ಟಿನ ಅನುಮತಿ ತರಬೇಕಾಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುವ ಕೆಲಸಕ್ಕೂ ತೊಡಕು.

ಕರಾವಳಿಯಲ್ಲಿ ಇನ್ನೊಂದು ಅಪಾಯ ಮೊಬೈಲಿನದು. ಸಾಲಿನ ಜಗಳದ ಮೂವತ್ತು ಸೆಕೆಂಡಿನ ವೀಡಿಯೊ ವಾಟ್ಸ್ಆ್ಯಪ್‌ಗೆ ಬಿದ್ದರೆ ಯಾರು ನುಗ್ಗಿದ್ದು ಎಂಬುದು ಅದರಲ್ಲಿ ಇರುವುದಿಲ್ಲ, ಯಾರ ತಲೆಯಲ್ಲಿ ಟೋಪಿ, ಯಾರ ಹಣೆಯಲ್ಲಿ ಕುಂಕುಮ ಎಂಬುದಷ್ಟೇ ಇರುತ್ತದೆ. ಟಿಕೆಟಿನ ಜಗಳ ಸಂಜೆಯೊಳಗೆ ಬೇರೆಯದೇ ಜಗಳವಾಗುತ್ತದೆ. ಹಾಗಾಗಿ ಪಕ್ಕದಲ್ಲಿ ನಿಂತವರು ಮಾಡಬೇಕಾದ್ದು ಕ್ಯಾಮೆರಾ ತೆಗೆಯುವುದಲ್ಲ, ಮಧ್ಯೆ ಹೋಗಿ ಬಿಡಿಸುವುದು.

ಎಲ್ಲಕ್ಕಿಂತ ಕಷ್ಟದ ಸಂದರ್ಭ ನುಗ್ಗುವವನು ಅಪರಿಚಿತನಲ್ಲದಿದ್ದಾಗ. ಸಾಲಿನ ತುದಿಯಲ್ಲಿ ಹುಡುಗ ಬಂದು ನಿಂತಿದ್ದಾನೆ, ಮುಂದೆ ಕೌಂಟರಿನ ಹತ್ತಿರದಿಂದ ಪರಿಚಯದ ಕಾಕ ಕೈ ಬೀಸುತ್ತಾರೆ: 'ಬಾ ಮೋನೆ, ಇಲ್ಲಿ ಜಾಗ ಉಂಟು.' ಹೋಗದಿದ್ದರೆ ಹಿರಿಯರ ಮಾತು ಮೀರಿದಂತೆ, ಹೋದರೆ ಇಪ್ಪತ್ತು ಮಂದಿಯ ಕಣ್ಣು ಬೆನ್ನಿನ ಮೇಲೆ. ಟಿಕೆಟ್ ಕೌಂಟರಾದರೆ ದುಡ್ಡನ್ನು ಕಾಕನ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲಬಹುದು, ಅದೂ ಕಾಕನ ಹಿಂದೆ ಇರುವವರನ್ನು ಒಂದು ಮಾತು ಕೇಳಿದ ಮೇಲೆ. ಬೋಟಿನ ಸಾಲಾದರೆ ಆಗುವುದಿಲ್ಲ. ಒಟ್ಟಿಗೇ ಹೋಗಬೇಕೆಂದಿದ್ದರೆ ಮುಂದಿದ್ದವರು ಹಿಂದಿನವರ ಬಳಿಗೆ ಬರುವುದು. ಅದರಿಂದ ಯಾರ ಸರದಿಯೂ ತಪ್ಪುವುದಿಲ್ಲ, ನಡುವೆ ಇದ್ದವರಿಗೆಲ್ಲ ಒಂದು ಜಾಗ ಮುಂದೆ ಸಿಗುತ್ತದೆ. 'ಕಾಕಾ, ನೀವೇ ಈಚೆ ಬನ್ನಿ, ಒಟ್ಟಿಗೆ ಹೋಗುವ' ಎಂದು ಹುಡುಗ ನಗುತ್ತಾ ಕರೆದರೆ ಕಾಕ ಬರುವುದು ಅನುಮಾನ. ಆದರೆ ಎರಡನೇ ಸಲ ಅವರು ಕೈ ಬೀಸಲಿಕ್ಕಿಲ್ಲ.