ಬಿಸಿಲಿಗೆ ಬರವಿಲ್ಲ, ತಾರಸಿಗೆ ಬರ

ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿಯ ಹತ್ತಿರ ಸುಳಿದಾಗ, ಸೋಲಾರ್ ಹಾಕಿಸಿದ ಪುಣೆಯ ಮನೆಗಳಿಗೆ ಅದೇ ಸುಗ್ಗಿ ಎಂದು ಭಾವಿಸುವವರು ಬಹಳ. ಅದು ಅರ್ಧ ಮಾತ್ರ ನಿಜ. ಸಿಲಿಕಾನ್ ಫಲಕ ದುಡಿಯುವುದು ಬೆಳಕಿನಿಂದ. ಕಾವು ಅದಕ್ಕೆ ಆಗಿಬರುವುದಿಲ್ಲ. ಫಲಕದ ಬೆನ್ನಿನ ಚೀಟಿಯಲ್ಲಿರುವ ವ್ಯಾಟ್ ಲೆಕ್ಕ ಕೋಶಗಳು 25 ಡಿಗ್ರಿಯಲ್ಲಿದ್ದಾಗಿನದು. ಬೇಸಿಗೆಯ ಮಧ್ಯಾಹ್ನ ಅವು 65 ಡಿಗ್ರಿಯವರೆಗೂ ಕಾಯುತ್ತವೆ, ಕಾದಷ್ಟೂ ವೋಲ್ಟೇಜು ಇಳಿಯುತ್ತದೆ. ಡಿಗ್ರಿಗೆ ಶೇ. 0.35ರಷ್ಟು ನಷ್ಟ ಎಂದಿಟ್ಟುಕೊಂಡರೂ ಶೇ. 14 ಹೋಯಿತು. ಇದಕ್ಕೆ ಪ್ರತಿಯಾಗಿ, ತಂಪಾದ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನಾದರೂ ಪುಣೆಯ ನಡುಹಗಲಿನಲ್ಲಿ 48 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಆಕಾಶ ತಿಳಿಯಾಗಿರುತ್ತದೆ, ಹಗಲು ಸುಮಾರು 11 ಗಂಟೆ. ಫಲಕವನ್ನು ದಕ್ಷಿಣಕ್ಕೆ 18 ಡಿಗ್ರಿಯಷ್ಟು ಓರೆ ಮಾಡಿದರೆ ಸೂರ್ಯ ವಾಲಿದ್ದರ ಕೊರತೆಯೂ ಬಹುಪಾಲು ತುಂಬುತ್ತದೆ. ಅದೇ ತಿಂಗಳು ಬರ್ಲಿನ್ನಿನಲ್ಲಿ ಸೂರ್ಯ ಏರುವುದು 14 ಡಿಗ್ರಿ ಮಾತ್ರ. ಅಂಥ ಚಳಿಯೂರಿನಲ್ಲೂ ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1000 ಯೂನಿಟ್‌ನ ಆಸುಪಾಸು ಕೊಡುತ್ತದೆ. ಪುಣೆಯಲ್ಲಿ ಅದು ಸುಮಾರು 1400.

ಮಳೆಗಾಲದ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಜುಲೈ, ಆಗಸ್ಟ್‌ನಲ್ಲಿ ಮೋಡದಿಂದ ಸೋಸಿ ಬಂದ ಬೆಳಕಷ್ಟೇ ಗತಿ. ಉತ್ಪಾದನೆ ಸಾಕಷ್ಟು ಕುಗ್ಗುತ್ತದೆ. ವರ್ಷದ ಸರಾಸರಿಯಲ್ಲಿ ಈ ತಿಂಗಳುಗಳೂ ಸೇರಿವೆ ಎನ್ನುವುದನ್ನು ಮರೆಯಬಾರದು. ರಾತ್ರಿಯ ಮಾತು ಬೇರೆ. ನೆಟ್ ಮೀಟರ್ ಇದ್ದರೆ ಹಗಲಿನ ಹೆಚ್ಚುವರಿ ಯೂನಿಟ್‌ಗಳು ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದ ಲೆಕ್ಕದಲ್ಲಿ ಜಮೆಯಾಗುತ್ತವೆ, ಬಿಲ್ ಇಳಿಯುತ್ತದೆ. ಆದರೆ ರಾತ್ರಿ ಎಂಟಕ್ಕೆ ಉರಿಯುವ ದೀಪಕ್ಕೆ ಕರೆಂಟು ಬರುವುದು ಬೇರೆಡೆಯಿಂದ, ಬಹುಪಾಲು ಕಲ್ಲಿದ್ದಲಿನಿಂದ. ಇದನ್ನು ಮಾರಾಟಗಾರರು ಬಾಯಿಬಿಟ್ಟು ಹೇಳುವುದಿಲ್ಲ.

ನಿಜವಾದ ತೊಡಕು ಆಕಾಶದಲ್ಲಿಲ್ಲ, ತಾರಸಿಯಲ್ಲಿದೆ. ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯಘರ್ ಸೋಲಾರ್ ಯೋಜನೆ ಮನೆಯೊಂದಕ್ಕೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಪುಣೆಯ ಕೋಥ್ರೂಡ್ ಬಡಾವಣೆಯ ಹಳೆಯ ಬಂಗಲೆಗೆ ಅದು ಸಲೀಸು. ಹನ್ನೊಂದು ಅಂತಸ್ತಿನ, ನಲವತ್ತನಾಲ್ಕು ಫ್ಲಾಟಿನ ಸೊಸೈಟಿಯೊಂದನ್ನು ಊಹಿಸಿಕೊಳ್ಳಿ: ತಾರಸಿ 4000 ಚದರಡಿ ಇದ್ದರೂ ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಓಡಾಡುವ ಜಾಗ ಬಿಟ್ಟರೆ ಅರ್ಧ ಉಳಿದೀತು. ಕಿಲೋವ್ಯಾಟ್‌ಗೆ ನೂರು ಚದರಡಿಯಂತೆ 20 ಕಿಲೋವ್ಯಾಟ್, ಅಂದರೆ ಫ್ಲಾಟಿಗೆ ಅರ್ಧ ಕಿಲೋವ್ಯಾಟೂ ಇಲ್ಲ. ಮನೆಮನೆಗೆ ಹಂಚಿದರೆ ದಿನಕ್ಕೆ ಎರಡು ಯೂನಿಟ್ ಸಹ ದಕ್ಕದು. ಅದರ ಬದಲು ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆ ಒಟ್ಟಾಗಿ ಬಳಸುವುದು ಜಾಣತನ; ಸೊಸೈಟಿಯ ಇಂಥ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಪ್ರತ್ಯೇಕ ಸಹಾಯಧನವೂ ಇದೆ. ಆದರೆ ಟ್ಯಾಂಕಿನ ಜಾಗ ನೋಡಿಕೊಳ್ಳಬೇಕು. ಎರಡು ಮೀಟರ್ ಎತ್ತರದ ಟ್ಯಾಂಕಿನ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು 1.8 ಮೀಟರ್ ಚಾಚುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳಬಹುದು.