ಪಾರ್ಶ್ವವಾಯುವಿನ ನಂತರ ಮಲಗಿಸಿಯೇ ಇಡಬೇಡಿ

ಮನೆಯ ಹಿರಿಯರು ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮರಳಿದ ಮೇಲೆ ಮಕ್ಕಳು, ಸೊಸೆಯಂದಿರು ಸರದಿಯಂತೆ ಸೇವೆಗೆ ನಿಲ್ಲುತ್ತಾರೆ. ತುತ್ತು ಬಾಯಿಗೇ ಬರುತ್ತದೆ, ಅಂಗಿಯ ಗುಂಡಿಯನ್ನೂ ಬೇರೆಯವರೇ ಹಾಕುತ್ತಾರೆ. "ನೀವು ಆರಾಮವಾಗಿ ಮಲಗಿ ಅಬ್ಬಾ, ನಾವಿದ್ದೇವಲ್ಲ" ಎನ್ನುತ್ತಾರೆ. ಈ ಪ್ರೀತಿ ದೊಡ್ಡದು. ಆದರೆ ಕೆಲವು ತಿಂಗಳಲ್ಲಿ ಭುಜ ಬಿಗಿದು, ಬೆರಳು ಮಡಚಿಕೊಂಡು, ತೊಡೆಯ ಮಾಂಸ ಕರಗಿ ನನ್ನ ಬಳಿಗೆ ಬರುವ ಅನೇಕರು ಇಂತಹ ಮನೆಗಳವರೇ.

ನಮ್ಮ ಜನ ಇದನ್ನು ಲಕ್ವ ಎನ್ನುತ್ತಾರೆ. ಯುನಾನಿಯಲ್ಲಿ ಲಕ್ವ ಎಂದರೆ ಮುಖ ಸೊಟ್ಟಗಾಗುವುದು. ದೇಹದ ಒಂದು ಪಾರ್ಶ್ವದ ಬಲ ಹೋಗುವುದಕ್ಕೆ ಫಾಲಿಜ್ ಎಂದು ಹೆಸರು. ತೊಂದರೆ ಕಾಣಿಸುವುದು ಕೈಕಾಲಿನಲ್ಲಾದರೂ ಹಾನಿ ಆಗಿರುವುದು ಮೆದುಳಿನಲ್ಲಿ. ರಕ್ತನಾಳ ಕಟ್ಟಿಕೊಂಡು ಇಲ್ಲವೇ ಒಡೆದು ಸತ್ತ ಮೆದುಳಿನ ಕೋಶಗಳು ಮರಳುವುದಿಲ್ಲ. ಆದರೆ ಉಳಿದ ಭಾಗಗಳು ಅವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಮಗು ಲೋಟ ಹಿಡಿಯಲು ಕಲಿಯುವ ಹಾಗೆ, ಮತ್ತೆ ಮತ್ತೆ ಮಾಡಿದರೆ ಮಾತ್ರ.

ಬರೀ ಎಣ್ಣೆ ತಿಕ್ಕುವುದು ಸಾಲದು ಎನ್ನುವುದು ಇದಕ್ಕೇ. ದಲ್ಕ್, ಅಂದರೆ ಮಾಲೀಶನ್ನು ನಾನೂ ಮಾಡಿಸುತ್ತೇನೆ, ಬಿಗಿತ ಸಡಿಲವಾಗುತ್ತದೆ. ಆದರೆ ಯುನಾನಿಯಲ್ಲಿ ರಿಯಾಝತ್, ಅಂದರೆ ವ್ಯಾಯಾಮ, ಬೇರೆಯೇ ಚಿಕಿತ್ಸೆ. ಆರೋಗ್ಯಕ್ಕೆ ಅನಿವಾರ್ಯವೆಂದು ಎಣಿಸಿದ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ರೋಗಿ ತಾನೇ ಕೈ ಎತ್ತಲು ಪ್ರಯತ್ನಿಸಬೇಕು, ಒಂದಿಂಚು ಎದ್ದರೂ ಸರಿ. ಎಣ್ಣೆ ಬಿಸಿಯಾಗಿದೆಯೇ ಎಂದು ಮೊದಲು ನಿಮ್ಮ ಕೈಯಲ್ಲಿ ನೋಡಿ. ಸ್ಪರ್ಶ ಕಳೆದುಕೊಂಡ ಚರ್ಮ ಸುಟ್ಟರೂ ರೋಗಿಗೆ ತಿಳಿಯದು. ಪಾರಿವಾಳದ ರಕ್ತ ಹಚ್ಚುವವರ ಬಳಿ ಹೋಗಿ ದಿನ ಕಳೆಯಬೇಡಿ.

ಹಾಗೆಂದು ಅವಸರವೂ ಸಲ್ಲ. 2015ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ನಡೆಸಿದವರಿಗೆ ಉಳಿದವರಷ್ಟು ಒಳ್ಳೆಯ ಫಲ ಸಿಗಲಿಲ್ಲ. ಯಾವಾಗ ಆರಂಭಿಸಬೇಕೆಂದು ಚಿಕಿತ್ಸೆ ಕೊಟ್ಟ ವೈದ್ಯರು ಹೇಳಲಿ. ಅವರು ಒಪ್ಪಿದ ಮೇಲೆ ತಡ ಮಾಡಬೇಡಿ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆಮೇಲೆ ನಿಧಾನವಾಗುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ.

ಮೊದಲು ಮಂಚದ ಅಂಚಿನಲ್ಲಿ ಕಾಲು ನೆಲಕ್ಕೂರಿ ಕೂರಿಸಿ. ನಂತರ ಗಟ್ಟಿ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ದಿನಕ್ಕೆ ಹಲವು ಸಲ. ಆಮೇಲೆ ಜಗಲಿಯಲ್ಲಿ ಐದೈದು ನಿಮಿಷ ನಡಿಗೆ. ಕ್ರಮೇಣ ವಾರಕ್ಕೆ ಮೂರರಿಂದ ಐದು ದಿನ, 20 ನಿಮಿಷ ನಡೆಯುವಂತಾಗಲಿ. ಜೊತೆಗಿರುವವರು ಬಲಹೀನ ಪಾರ್ಶ್ವದಲ್ಲಿ ನಿಲ್ಲಬೇಕು. ಎಬ್ಬಿಸಲು ಆ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಬೆನ್ನು, ಸೊಂಟಕ್ಕೆ ಆಸರೆ ಕೊಡಿ.

ವ್ಯಾಯಾಮವೆಂದರೆ ಬೇಸರಪಡುವವರಿಗೆ ನಿತ್ಯದ ಕೆಲಸವೇ ವ್ಯಾಯಾಮ. ವುಝೂ ಮಾಡುವಾಗ ಬಲಹೀನ ಕೈಯಿಂದಲೇ ನಲ್ಲಿ ತಿರುಗಿಸಲಿ. ಉಮ್ಮನಿಗೆ ಪಾರ್ಶ್ವವಾಯು ಆಗಿದ್ದರೆ ಬೆಳ್ಳುಳ್ಳಿ ಸುಲಿಯಲು, ಅಕ್ಕಿ ಆರಿಸಲು ಕೊಡಿ. ಅರ್ಧ ಗಂಟೆ ಹಿಡಿದರೂ ಕಿತ್ತುಕೊಳ್ಳಬೇಡಿ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ತಾನು ಯಾರಿಗೂ ಬೇಡವಾದೆ ಎಂಬ ಭಾವನೆ ಅದರಲ್ಲಿ ದೊಡ್ಡದು. ಅಡುಗೆಮನೆಯಲ್ಲಿ ತನ್ನ ಜಾಗ ಮತ್ತೆ ಸಿಕ್ಕ ತಾಯಿ, ಜುಮಾಗೆ ಮಸೀದಿಗೆ ಹೋಗಿ ನಾಲ್ಕು ಜನರೊಡನೆ ಸಲಾಮ್ ಹೇಳಿ ಬಂದ ತಂದೆ, ಊಟವನ್ನೂ ಸರಿಯಾಗಿ ಮಾಡುತ್ತಾರೆ. ಆದರೆ ಸಮತೋಲನ ಬರುವ ಮೊದಲೇ ನಮಾಝ್‌ಗೆ ಹಟ ಹಿಡಿದು ನಿಲ್ಲುವುದು ಬೇಡ. ಕುಳಿತು ಮಾಡಲು ಅನುಮತಿ ಇದೆಯಲ್ಲ! ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮಂಚವೇ ಗತಿ.

ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಕಷಾಯ ಕೊಡಿ ಎಂದು ಕೇಳುವವರಿದ್ದಾರೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ನಿಲ್ಲಿಸಬೇಡಿ. ನಡೆಯುವಾಗ ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು ಬಂದರೆ ಕೂಡಲೇ ಕೂರಿಸಿ ವೈದ್ಯರಿಗೆ ತಿಳಿಸಿ. ಮಾತು ತೊದಲಿದರೆ, ಮುಖ ಮತ್ತೆ ವಾಲಿದರೆ, ಕೈಕಾಲು ಹೊಸದಾಗಿ ಸೋತರೆ ಎಣ್ಣೆ ಹುಡುಕದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.