ನಿಲ್ಲಿಸಿಟ್ಟರೂ ಸವೆಯುವ ಫೆರಾರಿ

ಓದುಗರೊಬ್ಬರು ಕೇಳಿದ್ದಾರೆ: ‘35 ವರ್ಷ ಹಳೆಯ ಫೆರಾರಿ ಎಫ್40. ಎರಡು ಸಾವಿರ ಕಿಲೋಮೀಟರೂ ಓಡಿಲ್ಲ, ಗ್ಯಾರೇಜಿನಲ್ಲೇ ಇತ್ತು ಅನ್ನುತ್ತಾರೆ. ಹಾಗಾದರೆ ಅದು ಹೊಸ ಕಾರಿದ್ದಂತೆಯೇ ಅಲ್ಲವೇ?’

ಅಲ್ಲ. ಕೋಟಿಗಟ್ಟಲೆ ಸುರಿದು ಇಂಥ ಕಾರು ಕೊಳ್ಳುವವರಲ್ಲೂ ಈ ತಪ್ಪು ತಿಳಿವಳಿಕೆ ಇದೆ. ಓಡಿದರೆ ಸವೆಯುತ್ತದೆ, ನಿಂತರೆ ಉಳಿಯುತ್ತದೆ ಎಂಬ ಲೆಕ್ಕ ಚಪ್ಪಲಿಗೆ ಸರಿ ಹೋದೀತು, ಎಂಜಿನ್ನಿಗಲ್ಲ.

ಎಫ್40 ಬಂದದ್ದು 1987ರಲ್ಲಿ, ಫೆರಾರಿ ಹೆಸರಿಗೆ ನಲವತ್ತು ತುಂಬಿದ ವರ್ಷ. ಎಂಜೊ ಫೆರಾರಿ ಖುದ್ದಾಗಿ ಒಪ್ಪಿಗೆ ಕೊಟ್ಟ ಕೊನೆಯ ಮಾದರಿ ಅದು. ಮರುವರ್ಷ ಅವರು ತೀರಿಕೊಂಡರು. ಎರಡು ಟರ್ಬೊಗಳ ವಿ8 ಎಂಜಿನ್, ಗಂಟೆಗೆ 324 ಕಿ.ಮೀ. ವೇಗ. ಒಳಗೆ ನೆಲಹಾಸಿಲ್ಲ, ರೇಡಿಯೊ ಇಲ್ಲ, ಬಾಗಿಲು ತೆಗೆಯಲು ಹಿಡಿಕೆಯ ಬದಲು ಒಂದು ದಾರ! ತಯಾರಾದದ್ದು ಸುಮಾರು 1,300 ಮಾತ್ರ.

ಯೂರೋಪಿನಲ್ಲಿ ಮಾರಿದ ಎಫ್40ಗಳ ಪೆಟ್ರೋಲ್ ಟ್ಯಾಂಕು, ರೇಸ್ ಕಾರುಗಳಲ್ಲಿ ಇರುವಂತೆ, ರಬ್ಬರಿನ ಚೀಲ. ಅಪಘಾತವಾದರೆ ಒಡೆಯದೆ ಬಾಗಲಿ ಎಂಬ ಉದ್ದೇಶ. ಆ ಚೀಲದ ಆಯುಸ್ಸು ಸುಮಾರು ಹತ್ತು ವರ್ಷ, ಕಾರು ಓಡಲಿ ಬಿಡಲಿ. ಕವಾಟ ಮತ್ತು ಪಿಸ್ಟನ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ಬೆಲ್ಟುಗಳದ್ದೂ ಇದೇ ಕತೆ. ಬೆಲ್ಟು ಹರಿದರೆ ಮೇಲೇರಿ ಬಂದ ಪಿಸ್ಟನ್ ತೆರೆದೇ ಇರುವ ಕವಾಟಕ್ಕೆ ಗುದ್ದುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. ಆದ್ದರಿಂದ ಕೆಲವೇ ವರ್ಷಗಳಿಗೊಮ್ಮೆ ಅವನ್ನು ಬದಲಿಸಲೇಬೇಕು. ತೊಂಬತ್ತರ ದಶಕದ ಎಫ್355ರಲ್ಲಂತೂ ಈ ಒಂದು ಕೆಲಸಕ್ಕೆ ಇಡೀ ಎಂಜಿನ್ ಕೆಳಗಿಳಿಸಬೇಕು!

ಟೈರಿನ ವಿಚಾರ ಇನ್ನೂ ಸ್ವಾರಸ್ಯ. ಗಾಳಿಯ ಓಜೋನ್ ರಬ್ಬರನ್ನು ಬಿರುಕುಗೊಳಿಸುತ್ತದೆ. ಅದನ್ನು ತಡೆಯಲು ರಬ್ಬರಿನೊಳಗೆ ಮೇಣದಂಥ ವಸ್ತು ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ಬಳುಕಿದಾಗಲೇ ಆ ಮೇಣ ಚೆನ್ನಾಗಿ ಮೇಲಕ್ಕೆ ಬಂದು ಹೊದಿಕೆಯಾಗುವುದು. ನಿಂತ ಟೈರಿಗೆ ಆ ರಕ್ಷಣೆ ಕಡಿಮೆ.

‘ಅದಕ್ಕೇ ನಾವು ಭಾನುವಾರ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತೇವೆ’ ಎನ್ನುವವರಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಇದು ಆರೈಕೆಯ ವೇಷ ತೊಟ್ಟ ಹಿಂಸೆ.

ಯಾಕೆಂದರೆ ಎಂಜಿನ್ ನೀರು ತಯಾರಿಸುವ ಯಂತ್ರವೂ ಹೌದು. ಪೆಟ್ರೋಲಿನಲ್ಲಿರುವುದು ಇಂಗಾಲ ಮತ್ತು ಜಲಜನಕ. ಉರಿಯುವಾಗ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತದೆ. ಪೆಟ್ರೋಲಿನ ಪ್ರತಿನಿಧಿಯಾಗಿ ಆಕ್ಟೇನನ್ನು ತೆಗೆದುಕೊಳ್ಳಿ: 114 ಗ್ರಾಂ ಆಕ್ಟೇನ್ ಪೂರ್ತಿ ಉರಿದರೆ 162 ಗ್ರಾಂ ನೀರು. ಸುಟ್ಟದ್ದಕ್ಕಿಂತ ಹುಟ್ಟಿದ್ದೇ ಹೆಚ್ಚು! ಇದರಲ್ಲಿ ಪವಾಡವೇನಿಲ್ಲ, ಆ ನೀರಿನ 144 ಗ್ರಾಂ ಗಾಳಿಯಿಂದ ಬಂದ ಆಮ್ಲಜನಕ. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಡಿಸೆಂಬರಿನ ಬೆಳಗ್ಗೆ ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಕಾರಿನ ಸೈಲೆನ್ಸರ್ ಬಾಯಿಯಿಂದ ಹನಿ ತೊಟ್ಟಿಕ್ಕುವುದನ್ನು ನೋಡುವುದು ನನಗೊಂದು ಖುಷಿ.

ಎಂಜಿನ್ ಪೂರ್ತಿ ಕಾದಿದ್ದರೆ ಈ ನೀರು ಆವಿಯಾಗಿಯೇ ಹೊರಬೀಳುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನೊಳಗೇ ಹನಿಗಟ್ಟುತ್ತದೆ. ಒಂದಷ್ಟು ಪಿಸ್ಟನ್‌ಗಳ ಸಂದಿಯಿಂದ ಜಾರಿ ಎಂಜಿನ್ ಆಯಿಲ್ ಸೇರುತ್ತದೆ. ಉರಿಯುವಾಗ ಹುಟ್ಟಿದ ಆಮ್ಲಗಳೂ ಅದರ ಜೊತೆಗಿರುತ್ತವೆ. ಐದು ನಿಮಿಷ ನಿಂತಲ್ಲೇ ಗುರುಗುಟ್ಟಿಸಿದರೆ ಮೀಟರಿನ ಮುಳ್ಳು ಮೇಲೇರಬಹುದು, ಆದರೆ ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿಯನ್ನು. ಆಯಿಲ್ ಕಾಯುವುದು ನಿಧಾನ. ಎಫ್40ಯಂಥ ಕಾರುಗಳಲ್ಲಿ ಆಯಿಲ್ ಬೇರೆಯದೇ ತೊಟ್ಟಿಯಲ್ಲಿರುವುದರಿಂದ ಇನ್ನೂ ನಿಧಾನ. ಹೀಗೆ ಪ್ರತಿ ಭಾನುವಾರ ಒಂದಿಷ್ಟು ನೀರು, ಒಂದಿಷ್ಟು ಆಮ್ಲ ಒಳಗೆ ಬಿಟ್ಟು ಬಾಗಿಲು ಹಾಕಿದಂತಾಯಿತು. ಅದಕ್ಕಿಂತ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಮುಟ್ಟದೆ ಬಿಡುವುದೇ ಮೇಲು. ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು.

ಟ್ಯಾಂಕಿನಲ್ಲಿ ಕೂತ ಪೆಟ್ರೋಲೂ ಸುಮ್ಮನಿರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥನಾಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಎಂಬತ್ತರ ದಶಕದ ರಬ್ಬರ್ ಕೊಳವೆಗಳನ್ನು ಮಾಡಿದವರ ತಲೆಯಲ್ಲಿ ಇಷ್ಟು ಎಥನಾಲ್ ಇರಲಿಲ್ಲ.

ಇಷ್ಟೆಲ್ಲ ಕಾರಣ ಕಣ್ಣೆದುರೇ ಇರುವಾಗ, ಕಾರು ಕೈಕೊಟ್ಟ ಕೂಡಲೇ ‘ದೃಷ್ಟಿಯಾಯಿತು’ ಎನ್ನುವುದು ಬರೀ ಸೋಮಾರಿತನ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡಿ, ನನ್ನ ತಕರಾರಿಲ್ಲ. ಆದರೆ ಹಣ್ಣಿಡಲು ಬಗ್ಗಿದಾಗ ಟೈರಿನ ಬಿರುಕನ್ನೂ ನೋಡಿ.

ತಮಾಷೆಯೆಂದರೆ ಕಾನೂನಿಗೂ ಕಿಲೋಮೀಟರ್ ಬೇಡ, ವಯಸ್ಸು ಬೇಕು. ಅಮೆರಿಕದಲ್ಲಿ 25 ವರ್ಷ ದಾಟಿದ ವಿದೇಶಿ ಕಾರಿಗೆ ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ. ನಮ್ಮಲ್ಲಿ ಬಳಸಿದ ಕಾರು ತರಿಸಬೇಕಾದರೆ ಸಾಮಾನ್ಯವಾಗಿ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಎಫ್40ಗಳ ಸ್ಟೀರಿಂಗ್ ಎಡಗಡೆ. ಇನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಲು 50 ವರ್ಷವಾಗಿರಬೇಕು: 1966ರ ಲ್ಯಾಂಬೊರ್ಗಿನಿ ಮಿಯುರಾ ಆ ಗೆರೆ ದಾಟಿದೆ, ಮೊದಲ ಎಫ್40 2037ರವರೆಗೆ ಕಾಯಬೇಕು. ದಾಟಿದ ಮೇಲೂ ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ.

ಓಡಿಸಿದರೆ ಬೆಲೆ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಒಂದು ಉದಾಹರಣೆ ಸಾಕು. 1962ರಿಂದ 64ರವರೆಗೆ ತಯಾರಾದ ಫೆರಾರಿ 250 ಜಿಟಿಒಗಳು 36. ರೇಸಿಗೆಂದೇ ಹುಟ್ಟಿದ ಕಾರುಗಳು, ಹಲವು ಗುದ್ದಿಸಿಕೊಂಡು, ಬಡಿಸಿಕೊಂಡು, ರಿಪೇರಿಯಾಗಿ ಬಂದವು. 2018ರ ಹರಾಜಿನಲ್ಲಿ ಅವುಗಳಲ್ಲೊಂದು 4.84 ಕೋಟಿ ಡಾಲರಿಗೆ ಹೋಯಿತು! ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ ತಮ್ಮ ಜಿಟಿಒವನ್ನು ರೇಸಿಗೇ ಇಳಿಸಿದವರು.

ಫೆರಾರಿಯೇ ಇರಲಿ, ಹಳೆಯ ಮಾರುತಿಯೇ ಇರಲಿ, ಕೊಳ್ಳುವ ಮುನ್ನ ಟೈರಿನ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಆಮೇಲೆ ಬೆಲ್ಟು ಬದಲಿಸಿದ ಬಿಲ್ಲು ಕೇಳಿ. ಬಿಲ್ಲು ಇಲ್ಲವೆಂದರೆ ಬೆಲ್ಟು ಬದಲಾಗಿಲ್ಲ ಎಂದೇ ತಿಳಿದು, ಆ ಖರ್ಚನ್ನು ಕಳೆದು ಬೆಲೆ ಮಾತಾಡಿ.